ಮಗುವೇ ಬಿಟ್ಟಿತು

ಬಾಟಲಿಯಲ್ಲಿನ ಹಾಲು ಅರವತ್ತರ ಗೆರೆಗೆ ಇಳಿದಾಗ ಟೇಪಮ್ಮ ಇನ್ನೊಮ್ಮೆ ಹಿಂದೆ ತಿರುಗಿ ನೋಡಿದಳು. ಯಾರೂ ಇರಲಿಲ್ಲ. ಲಾಂಡ್ರಿಯ ಹಿಂಬದಿಯ ಈ ಸಿಮೆಂಟು ಬೆಂಚಿಗೆ ಬೆಳಗಿನ ಹನ್ನೊಂದೂವರೆಗೆ ಯಾರು ತಾನೆ ಬರುತ್ತಾರೆ? ಗೋಡೆಗೆ ಕೂರಿಸಿದ ಕೊಳವೆಯಿಂದ ಆಗಾಗ ಬಿಸಿ ಹಬೆ ಬುಸ್ಸೆಂದು ಹೊರಬಂದು ಅವಳ ಮೊಣಕಾಲನ್ನು ತಾಗಿ ಹೋಗುತ್ತಿತ್ತು. ಏಳು ವಾರದ ಮೊಮ್ಮಗಳು ಕಣ್ಣು ಮುಚ್ಚಿ, ಹುಬ್ಬು ಗಂಟಿಕ್ಕಿ, ಯಾರಾದರೂ ಕಿತ್ತುಕೊಂಡಾರು ಎನ್ನುವ ಅವಸರದಲ್ಲಿ ರಬ್ಬರಿನ ತೊಟ್ಟನ್ನು ಚೀಪುತ್ತಿದ್ದಳು. ನಿನ್ನೆ ಕೆಳಮನೆಯ ಹೆಂಗಸು ಬಟ್ಟೆಯ ಗಂಟು ಹೊತ್ತುಕೊಂಡು ಇದೇ ದಾರಿಯಲ್ಲಿ ಬಂದದ್ದು, ತಾನು ಗಾಬರಿಯಿಂದ ಬಾಟಲಿಯನ್ನು ಶಾಲಿನೊಳಗೆ ತುರುಕಿಕೊಂಡದ್ದು, ಮಗು ಕಿಟಾರನೆ ಕಿರುಚಿದ್ದು, 'ಹೊಟ್ಟೆನೋವಿರಬೇಕು, ಪಾಪ' ಎಂದು ತಾನು ಹಲ್ಲು ಕಿರಿದದ್ದು, ಹಾಲು ಚೆಲ್ಲಿ ಅಂಗಿಯ ಮುಂಭಾಗವೆಲ್ಲ ತೊಯ್ದುಹೋದದ್ದು ನೆನಪಾಗಿ ಮೈ ಮುದುಡಿಕೊಂಡಿತು. ಈ ಅರವತ್ತೆರಡನೆಯ ವಯಸ್ಸಿನಲ್ಲಿ, ಸ್ವಂತ ಮೊಮ್ಮಗಳಿಗೆ ಹಾಲು ಕುಡಿಸಲು ಬೆಕ್ಕಿನ ಹಾಗೆ ಮೂಲೆ ಹುಡುಕಿಕೊಂಡು ಬಂದಿದ್ದೇನೆ ಎಂದುಕೊಂಡಳು. ಮಗುವಿಗೆ ಇದ್ಯಾವುದರ ಗೊಡವೆಯೂ ಇರಲಿಲ್ಲ. ಮೂವತ್ತು. ಇಪ್ಪತ್ತು. ಹಾಲು ಇಳಿದ ಹಾಗೆಲ್ಲ ಅವಳ ಒಳಗಿನ ಕಳವಳವೂ ಅಷ್ಟಷ್ಟೇ ಇಳಿಯುತ್ತಿತ್ತು. ಸುಳ್ಳೇಕೆ ಹೇಳಬೇಕು, ಈ ಹೊತ್ತು ಅವಳಿಗೆ ಸುಖವಾಗಿತ್ತು.

ಗೆರೆಯನ್ನು ನಂಬಿ ಬದುಕಿದವಳು ಅವಳು. ಶರ್ಟು ಹೊಲಿಯುವ ಕಾರ್ಖಾನೆಯಲ್ಲಿ ಮೂವತ್ತನಾಲ್ಕು ವರ್ಷ. ಮೊದಲು ಮೆಷಿನ್ನಿನ ಮುಂದೆ, ಆಮೇಲೆ ಚೆಕಿಂಗ್ ಮೇಜಿನ ಮುಂದೆ. ಕುತ್ತಿಗೆಗೆ ಟೇಪು ನೇತುಹಾಕಿಕೊಂಡೇ ಊಟಕ್ಕೂ ಹೋಗುತ್ತಿದ್ದುದರಿಂದ ಯಾರೋ ಒಬ್ಬಳು ಟೇಪಮ್ಮ ಎಂದಳು, ಆ ಹೆಸರು ಅಂಟಿಕೊಂಡು ಮನೆಯವರೆಗೂ ಬಂತು. ಅವಳ ಗಂಡ ಬದುಕಿದ್ದಷ್ಟು ಕಾಲ ಹಾಗೇ ಕರೆದ. ತೋಳು ಕಾಲಿಂಚು ಹೆಚ್ಚುಕಡಿಮೆಯಾದರೆ ಮುಟ್ಟಿದ ಕೂಡಲೇ ತಿಳಿಯುತ್ತಿತ್ತು, ಆದರೂ ಅಳೆಯದೆ ಬಿಡುತ್ತಿರಲಿಲ್ಲ. ಮಗಳ ಎದೆಯ ಮೇಲೆ ಗೆರೆಗಳಿರಲಿಲ್ಲ. ಎಷ್ಟು ಬಂತು, ಎಷ್ಟು ಹೋಯಿತು, ಎಷ್ಟು ಉಳಿಯಿತು, ದೇವರಿಗೇ ಗೊತ್ತು. ಮೂರನೆಯ ವಾರದಲ್ಲಿ ಮಗು ಸಂಜೆಯಾದರೆ ಅರ್ಧ ಗಂಟೆಗೊಮ್ಮೆ ಎದೆ ಕೇಳತೊಡಗಿತು. ಕುಡಿದು ಬಿಡುವುದು, ಅಳುವುದು, ಮತ್ತೆ ಬಾಯಿ ಹಾಕುವುದು. ಮನೆಮನೆಗೆ ಬರುವ ನರ್ಸು, 'ಸಂಜೆ ಹೊತ್ತು ಮಕ್ಕಳು ಹೀಗೇನೇ. ಹಾಲು ಜಾಸ್ತಿ ಮಾಡ್ಕೊಳ್ಳೋಕೆ ಅವು ಮಾಡೋ ಕೆಲಸ ಇದು. ದಿನಕ್ಕೆ ಆರು ಬಟ್ಟೆ ಒದ್ದೆಯಾಗ್ತಿದೆಯಲ್ಲ, ತೂಕಾನೂ ಸರಿಯಾಗಿದೆ, ಮತ್ತೇನು? ಅಜ್ಜಿ, ನೀವು ಮಗಳಿಗೆ ಒಳ್ಳೆ ಊಟ ಹಾಕಿ, ಮನೆಕೆಲಸ ನೋಡ್ಕೊಳ್ಳಿ, ಧೈರ್ಯ ಹೇಳಿ, ಸಾಕು' ಎಂದಿದ್ದಳು. ಟೇಪಮ್ಮ ಊಟ ಹಾಕಿದಳು, ಮನೆಕೆಲಸವನ್ನೂ ನೋಡಿಕೊಂಡಳು. ಮೂರನೆಯದು ಮಾತ್ರ ಅವಳ ಕೈಲಾಗಲಿಲ್ಲ. ಮಗಳು ಒಂದು ದಿನ ಲೋಟಕ್ಕೆ ಹಿಂಡಿಟ್ಟ ಹಾಲನ್ನು ಕಿಟಕಿಯ ಬೆಳಕಿಗೆ ಹಿಡಿದು, 'ಇಷ್ಟು ತೆಳ್ಳಗಿದೆಯಲ್ಲೇ, ನೀರಿದ್ದ ಹಾಗೆ' ಎಂದುಬಿಟ್ಟಳು ಟೇಪಮ್ಮ. ಮಗಳು ಲೋಟವನ್ನು ಈಸಿಕೊಂಡು ತಾನೂ ಬೆಳಕಿಗೆ ಹಿಡಿದು ನೋಡಿದಳು. ಮಾರನೆಯ ದಿನ ಟೇಪಮ್ಮ ಔಷಧಿ ಅಂಗಡಿಯಿಂದ ಪುಡಿಹಾಲಿನ ಡಬ್ಬಿ ತಂದಳು. ಒಂದೇ ಒಂದು ಸಲಕ್ಕೆ ಎಂದು.

ಬಾಟಲಿ ಬರಿದಾಯಿತು. ಮಗು ತುಟಿಯಂಚಿನಲ್ಲಿ ಒಂದು ಹನಿ ಉಳಿಸಿಕೊಂಡು ನಿದ್ದೆಹೋಯಿತು. ಅದನ್ನು ಒರೆಸಿ, ಬಾಟಲಿಯನ್ನು ಹಳೆಯ ಕಾಲುಚೀಲದೊಳಗೆ ಇಳಿಸಿ, ಕಾಲುಚೀಲವನ್ನು ಬ್ಯಾಗಿನ ತಳಕ್ಕೆ ದೂಡಿ, ಮೇಲೆ ಮಗುವಿನ ಟೊಪ್ಪಿ ಹರಡಿದಳು. ನಾಲ್ಕು ವಾರದಲ್ಲಿ ಇದೆಲ್ಲ ಕೈಗೆ ಎಷ್ಟು ಸಲೀಸಾಗಿಹೋಗಿದೆ! ಮಗಳ ಮನೆಗೆ ಮೂರು ಮಹಡಿ ಹತ್ತಬೇಕು. ಎರಡನೆಯ ಮಹಡಿಯ ತಿರುವಿನಲ್ಲಿ ಉಸಿರು ತೆಗೆದುಕೊಳ್ಳಲು ನಿಂತಾಗ ಮಗಳ ಆ ಮಾತು ಎಂದಿನ ಹಾಗೆ ಕಿವಿಯಲ್ಲಿ ಆಡಿತು. 'ನಿನ್ನ ಕೈಗೆ ಹೋದ್ರೆ ಹೇಗೆ ನಿದ್ದೆ ಮಾಡ್ತಾಳೆ ನೋಡಮ್ಮ. ನನ್ನ ಹತ್ರ ಇದ್ರೆ ಬರೀ ಅಳು.' ಮೊದಲ ಸಲ ಮಗಳು ಹಾಗೆಂದಾಗ ಟೇಪಮ್ಮ ಹಿಗ್ಗಿದ್ದಳು. ಹಿಗ್ಗಿ, 'ಅನುಭವ ಕಣೇ' ಎಂದೂ ಅಂದಿದ್ದಳು. ಯಾವ ಅನುಭವ? ಈಗ ಆ ಮಾತು ನೆನಪಾದರೆ ನಾಲಗೆಯನ್ನೇ ಕಿತ್ತು ಬಿಸಾಡಬೇಕೆನಿಸುತ್ತದೆ. ಎರಡು ವಾರದ ಹಿಂದಿನ ಗುರುವಾರ ನರ್ಸು ಬಂದು, ಚೀಲದಿಂದ ತಕ್ಕಡಿ ತೆಗೆದು ಊಟದ ಮೇಜಿನ ಮೇಲಿಟ್ಟು, ಮಗುವನ್ನು ಬರಿಮೈಯಲ್ಲಿ ಮಲಗಿಸಿ, ಅಂಕಿ ನೋಡಿ ನಕ್ಕಳು. 'ಭೇಷ್! ಇದು ನೋಡಿ ತಾಯಿಹಾಲಿನ ಮಹಿಮೆ. ಅನುಮಾನಪಡ್ತಾ ಇದ್ರಲ್ಲ, ಈಗೇನಂತೀರಿ?' ಹೆರಿಗೆಯಾದ ಮೇಲೆ ಮೊಟ್ಟಮೊದಲ ಬಾರಿಗೆ ಮಗಳು ಬಾಯ್ತುಂಬ ನಕ್ಕಳು. ಎದ್ದುಬಂದು ಅಮ್ಮನ ಕೈ ಹಿಡಿದು, 'ನೀರಿದ್ದ ಹಾಗೆ ಅಂದ್ಯಲ್ಲ' ಎಂದು ಚುಡಾಯಿಸಿದಳು. ಹೇಳಿಬಿಡಲು ಅದಕ್ಕಿಂತ ಸರಿಯಾದ ಹೊತ್ತು ಇರಲಿಲ್ಲ, ಅದಕ್ಕಿಂತ ಕೆಟ್ಟ ಹೊತ್ತೂ ಇರಲಿಲ್ಲ. ಟೇಪಮ್ಮ ನಕ್ಕು, ನರ್ಸಿಗೆ ಕಾಫಿ ಮಾಡಲು ಒಳಗೆ ಹೋದಳು. ನಿಲ್ಲಿಸಿದರೆ ತೂಕ ಇಳಿದೀತು, ಇಳಿದರೆ ಮಗಳ ಮುಖವೂ ಇಳಿದೀತು ಎಂದು ಅವತ್ತು ಸಂಜೆಯಿಂದ ಒಂದು ಬಾಟಲಿ ಎರಡಾಯಿತು.

ಮಗಳು ಒದ್ದೆ ತಲೆಯಲ್ಲಿ ಹಾಸಿಗೆಯ ಅಂಚಿಗೆ ಕೂತಿದ್ದಳು. ಕನ್ನಡಕದಂಗಡಿಯಲ್ಲಿ ಜನರ ಕಣ್ಣು ಪರೀಕ್ಷೆ ಮಾಡುವವಳು. ಎದುರಿಗಿರುವವರ ಮುಖವನ್ನು ಒಂದು ಗೇಣು ದೂರದಿಂದ ನೋಡಿ ಅಭ್ಯಾಸವಾಗಿ, ಮನೆಯಲ್ಲೂ ಹಾಗೇ ನೋಡುತ್ತಾಳೆ. ಆ ನೋಟಕ್ಕೆ ಸಿಗಬಾರದೆಂದು ಟೇಪಮ್ಮ ಬ್ಯಾಗಿನ ಜಿಪ್ಪಿನೊಂದಿಗೆ ಹೆಣಗುತ್ತ ನಿಂತಳು. 'ಎರಡೂವರೆ ಗಂಟೆ ಆಯ್ತಮ್ಮ ಇವಳು ಕುಡಿದು. ಕೊಡು' ಎಂದು ಮಗಳು ಮಗುವನ್ನು ತೆಗೆದುಕೊಂಡು ಅಂಗಿಯ ಗುಂಡಿ ಬಿಚ್ಚಿದಳು. ಮಲಗಿದ ಮಗುವಿನ ಅಂಗಾಲು ಉಜ್ಜಿದಳು, ಗಲ್ಲ ತಟ್ಟಿದಳು. ಮಗು ಕಣ್ಣು ಬಿಡಲಿಲ್ಲ. ತೊಟ್ಟನ್ನು ತುಟಿಗೆ ಸವರಿದಾಗ ಮುಖ ಕಿವುಚಿ ಪಕ್ಕಕ್ಕೆ ತಿರುಗಿತು. ಮತ್ತೆ ತಿರುಗಿಸಿದಳು. ಮಗು ಬೆನ್ನು ಬಿಲ್ಲಾಗಿಸಿ, ಎರಡೂ ಮುಷ್ಟಿಯಿಂದ ಎದೆಯನ್ನು ದೂಡಿ ಅರಚತೊಡಗಿತು. ಹತ್ತು ದಿನದಿಂದ ದಿನವೂ ಇದೇ. ಮೊದಮೊದಲು ಎದೆ ಕಲ್ಲಾಗಿ ಮಗಳು ನೋವಿನಿಂದ ಹಲ್ಲು ಕಚ್ಚುತ್ತಿದ್ದಳು. ಈಗ ಅದೂ ಇಲ್ಲ, ಹೋದ ವಾರದಿಂದ ಅಂಗಿ ಒದ್ದೆಯಾಗುವುದೂ ನಿಂತಿದೆ. ಟೇಪಮ್ಮನಿಗೆ ಗೊತ್ತು. ದಿನವೂ ಆ ಅಂಗಿಗಳನ್ನು ಒಗೆಯುವವಳು ಅವಳೇ. 'ಇರು, ನಾನೊಂಚೂರು ಎತ್ಕೋತೀನಿ' ಎಂದು ಕೈ ಚಾಚಿದರೆ ಮಗಳು ಕೊಡಲಿಲ್ಲ. ಅಳುವ ಮಗುವನ್ನು ಎದೆಗೊತ್ತಿಕೊಂಡು, ಗೋಡೆ ನೋಡುತ್ತ, ತೀರಾ ಮಾಮೂಲಿ ದನಿಯಲ್ಲಿ ಹೇಳಿದಳು: 'ನಾನು ನಿನಗೆ ಮಾಡಿದ್ದನ್ನೇ ಇವಳು ನನಗೆ ಮಾಡ್ತಿದ್ದಾಳೆ ಅಲ್ವಮ್ಮಾ. ಆರು ವಾರಕ್ಕೇ ನಾನು ನಿನ್ನ ಬಿಟ್ನಲ್ಲ. ನಿನಗೂ ಹೀಗೇ ಆಗಿರಬೇಕು. ನಾನು ಯಾವತ್ತೂ ಯೋಚನೇನೇ ಮಾಡಿರ್ಲಿಲ್ಲ. ಈಗ ಗೊತ್ತಾಗ್ತಿದೆ. ತಪ್ಪಾಯ್ತಮ್ಮ.'

ಟೇಪಮ್ಮ ಕೂರಲು ಕುರ್ಚಿ ಹುಡುಕಿದಳು. ಕುರ್ಚಿಯ ಮೇಲೆ ಮಡಿಚಿಟ್ಟ ಬಟ್ಟೆಗಳಿದ್ದವು, ಅವುಗಳ ಮೇಲೇ ಕೂತಳು. ಆ ಮಾತು ಮನೆಯ ತಮಾಷೆಯಾಗಿತ್ತು. ಬಂದವರಿಗೆಲ್ಲ ಅವಳೇ ಹೇಳಿದ್ದಳು. ಮಗಳು ಶಾಲೆಗೆ ಹೋಗುವಾಗ ಹಿಂದಿರುಗಿ ನೋಡದಿದ್ದರೆ, 'ಆರು ವಾರಕ್ಕೇ ಎದೆ ಬಿಟ್ಟೋಳು, ಇವಳಿಗೆ ಅಮ್ಮ ಯಾಕೆ ಬೇಕು?' ಮದುವೆಯ ದಿನ ಅಳಿಯನಿಗೆ, ಎಲ್ಲರ ಮುಂದೆ, 'ಹುಷಾರಪ್ಪ, ನನ್ನನ್ನೇ ಆರು ವಾರಕ್ಕೆ ಬಿಟ್ಟೋಳು ಇವಳು.' ಅಳಿಯ ರೈಲಿನ ಗಾರ್ಡು, ವಾರಕ್ಕೆರಡು ದಿನ ಮನೆಯಲ್ಲಿರುವವನು. 'ಹಾಗಾದ್ರೆ ನಾನೇ ಮೊದಲು ಹೋಗಿರ್ತೀನಿ ಬಿಡಿ' ಎಂದು ಅವನೂ ನಗಿಸಿದ್ದ. ಎಲ್ಲರಿಗಿಂತ ಜೋರಾಗಿ ಮಗಳು ನಕ್ಕಿದ್ದಳು. ಆ ನಗುವಿನ ಕೆಳಗೆ ಇಷ್ಟು ವರ್ಷ ಏನು ಕೂತಿತ್ತೆಂದು ಟೇಪಮ್ಮ ಒಮ್ಮೆಯಾದರೂ ಮುಟ್ಟಿ ನೋಡಿರಲಿಲ್ಲ. ಮೂವತ್ತೊಂದು ವರ್ಷದ ಹಿಂದೆ, ಕಾರ್ಖಾನೆಯಲ್ಲಿ ಅವತ್ತು ಬಿಳಿ ಶರ್ಟಿನ ಆರ್ಡರು. ಹೆರಿಗೆ ರಜೆ ಮುಗಿಸಿ ಬಂದು ಐದನೆಯ ದಿನ. ಹತ್ತು ಗಂಟೆಗೇ ಎದೆ ಬಿಗಿದು ಬಂತು. ಎಲ್ಲೋ ಯಾರದೋ ಮಗು ಅತ್ತ ಹಾಗಾಯಿತು, ಮೆಷಿನ್ನಿನ ಸದ್ದೇ ಇರಬೇಕು, ಅಷ್ಟಕ್ಕೇ ಹಾಲು ಇಳಿದುಬಿಟ್ಟಿತು. ಮುಂದಕ್ಕೆ ಬಾಗಿ ಕಾಲರ್ ಹೊಲಿಯುತ್ತಿದ್ದವಳಿಗೆ ಕೈಯಲ್ಲಿದ್ದ ಬಟ್ಟೆ ಒದ್ದೆಯಾದಾಗಲೇ ತಿಳಿದದ್ದು. ಲೈನಿನ ಮೇಸ್ತ್ರಿ ಬಂದು ಆ ಶರ್ಟನ್ನು ಎರಡು ಬೆರಳಲ್ಲಿ ಎತ್ತಿ ಇಡೀ ಸಾಲಿಗೆ ತೋರಿಸಿದ. 'ಏನಮ್ಮ, ಇಲ್ಲೂ ಹಾಲಿನ ಅಂಗಡಿ ತೆಗೆದ್ಯಾ?' ನಲವತ್ತು ಹೆಂಗಸರು ನಕ್ಕರು, ಅವರಲ್ಲಿ ಮಕ್ಕಳಿಲ್ಲದವರು ಯಾರೂ ಇರಲಿಲ್ಲ. ಅವಳೂ ನಕ್ಕಳು. ನಗದಿದ್ದರೆ ಅಳುತ್ತಿದ್ದಳು. ಅಂದು ಸಂಜೆ ಕತ್ತರಿಸಿ ಉಳಿದ ತುಂಡುಬಟ್ಟೆಗಳನ್ನು ಗಂಟು ಹಾಕಿ ಉದ್ದ ಮಾಡಿ ಎದೆಗೆ ಸುತ್ತಿ ಬಿಗಿದು ಕಟ್ಟಿದಳು. ಮಗು ವಾಸನೆ ಹಿಡಿದು ಅವಳತ್ತ ತಿರುಗುತ್ತಿತ್ತು, ಬಟ್ಟೆಯ ಮೇಲೆಯೇ ಬಾಯಿ ಹಾಕಿ ಚೀಪುತ್ತಿತ್ತು. ಅವಳು ಅಂಗೈಯಿಂದ ಅದರ ಮುಖವನ್ನು ಆಚೆ ತಿರುಗಿಸುತ್ತಿದ್ದಳು. ಮತ್ತೆ ತಿರುಗುತ್ತಿತ್ತು. ಮತ್ತೆ ತಿರುಗಿಸುತ್ತಿದ್ದಳು. ನಾಲ್ಕು ದಿನ. ಐದನೆಯ ದಿನ ಮಗು ತಿರುಗಲಿಲ್ಲ, ಮತ್ತು ಪಕ್ಕದ ಮನೆಯವಳು ಕೇಳಿದಾಗ ಅವಳ ಬಾಯಿಂದ ತಾನಾಗಿಯೇ ಬಂತು: 'ಮಗುವೇ ಬಿಟ್ಟಿತು.' ಹೇಳಿದ ಕೂಡಲೇ ಎಷ್ಟು ಹಗುರವಾಗಿತ್ತು! ಬರಬರುತ್ತ ಅವಳೇ ಅದನ್ನು ಮುಕ್ಕಾಲು ಪಾಲು ನಂಬಿದ್ದಳು.

'ನೀನು ಬಿಡಲಿಲ್ಲ' ಎಂದಳು.

ಮಗು ಅರಚುತ್ತಲೇ ಇತ್ತು. ಮಗಳಿಗೆ ಕೇಳಿಸಲಿಲ್ಲ. ಈಗಲೂ ಎದ್ದು ಅಡುಗೆಮನೆಗೆ ಹೋಗಬಹುದು, ಒಲೆಯ ಮೇಲೆ ಏನೋ ಇಟ್ಟಿದ್ದೇನೆ ಎನ್ನಬಹುದು ಎಂದು ಒಂದು ಕ್ಷಣ ಅನ್ನಿಸಿದ್ದೂ ನಿಜ. 'ನೀನು ನನ್ನ ಬಿಡಲಿಲ್ಲ ಕಣೇ. ನಾನೇ ಬಿಡಿಸಿದೆ. ಎದೆಗೆ ಬಟ್ಟೆ ಕಟ್ಕೊಂಡು, ನಿನ್ನ ಮುಖಾನ ಆಚೆ ತಿರುಗಿಸ್ತಿದ್ದೆ. ಇವಳೂ ನಿನ್ನ ಬಿಟ್ಟಿಲ್ಲ. ಇವಳ ಹೊಟ್ಟೆ ತುಂಬಿದೆ. ನಾನು ಬಾಟಲಿ ಕೊಡ್ತಿದ್ದೀನಿ.' ಹೇಳಿ ಮುಗಿಸಿದ ಮೇಲೆ ಬ್ಯಾಗಿನ ತಳದಿಂದ ಕಾಲುಚೀಲ ತೆಗೆದು, ಅದರಿಂದ ಬಾಟಲಿ ತೆಗೆದು, ಏನು ಮಾಡಬೇಕೆಂದು ತೋಚದೆ ಕೈಯಲ್ಲೇ ಹಿಡಿದುಕೊಂಡು ಕೂತಳು. ಮಗಳು ಬಾಟಲಿಯನ್ನು ನೋಡಿದಳು. ಕೂಗಾಡಲಿಲ್ಲ. ಅಂಗಡಿಯಲ್ಲಿ ಗಾಜು ಬದಲಾಯಿಸುತ್ತ, ಇದು ಸ್ಪಷ್ಟನಾ, ಮೊದಲಿನದು ಸ್ಪಷ್ಟನಾ ಎಂದು ಗಿರಾಕಿಗಳನ್ನು ಕೇಳುವ ದನಿಯಲ್ಲಿ ಒಂದೊಂದೇ ಪ್ರಶ್ನೆ ಕೇಳಿದಳು.

'ಯಾವಾಗಿಂದ?'

'ಮೂರನೇ ವಾರದಿಂದ.'

'ದಿನಕ್ಕೆ ಎಷ್ಟು ಸಲ?'

'ಮೊದಲು ಒಂದು. ನರ್ಸ್ ಬಂದುಹೋದ ಮೇಲೆ ಎರಡು. ಸಂಜೆ ನೀನು ಸ್ನಾನಕ್ಕೆ ಹೋದಾಗ, ಅಡುಗೆಮನೇಲಿ. ಸದ್ದು ಕೇಳಬಾರದು ಅಂತ ನಲ್ಲಿ ಬಿಟ್ಟಿರ್ತಿದ್ದೆ.'

'ಹಾಗಾದ್ರೆ ಆ ತೂಕ ನನ್ನ ಹಾಲಿಂದ ಬಂದಿದ್ದಲ್ಲ.'

'ನಿನ್ನದೂ ಇತ್ತು. ಎರಡೂ ಸೇರಿ.' ಇಷ್ಟಾದ ಮೇಲೂ ಸಮಾಧಾನ ಹೇಳಲು ಹೊರಟ ತನ್ನ ನಾಲಗೆಯ ಬಗ್ಗೆ ಅವಳಿಗೇ ಹೇಸಿಗೆಯಾಯಿತು.

ಅತ್ತು ಅತ್ತು ಸುಸ್ತಾಗಿ ಮಗು ಬಿಕ್ಕುತ್ತ ಮಲಗಿತು. ಮಗಳು ಗುಂಡಿ ಹಾಕಿಕೊಂಡಳು. ಒಂದು ಗುಂಡಿ ತಪ್ಪಿ ಅಂಗಿ ಸೊಟ್ಟಗಾಯಿತು, ಸರಿಮಾಡಬೇಕೆಂದು ಟೇಪಮ್ಮನ ಕೈ ತಾನಾಗಿಯೇ ಮುಂದೆ ಹೋಗಿ ನಡುದಾರಿಯಲ್ಲಿ ನಿಂತಿತು. 'ಮೂವತ್ತೊಂದು ವರ್ಷದಿಂದ ನಾನು ನಿನ್ನ ಹತ್ರ ತಪ್ಪಾಯ್ತು ಅನ್ಕೊಂಡು ಬದುಕಿದ್ದೀನಿ, ನಿನಗೆ ಗೊತ್ತಾ?' ಎಂದಳು ಮಗಳು. 'ನೀನು ಬೈದ್ರೂ ಅದಕ್ಕೇ, ನೀನು ಫೋನ್ ಮಾಡದೇ ಇದ್ರೂ ಅದಕ್ಕೇ. ನನ್ನಲ್ಲೇ ಏನೋ ಕೆಟ್ಟದ್ದಿದೆ, ಹುಟ್ಟಿದಾಗಿಂದಾನೇ ಇದೆ ಅಂತ. ಇವಳು ಹುಟ್ಟಿದಾಗ ಮೊದಲು ನನಗೆ ಬಂದ ಯೋಚನೇನೂ ಅದೇ. ಇವಳು ನನ್ನ ಬಿಡದೇ ಇದ್ರೆ ಸಾಕು ಅಂತ.' ಆಮೇಲೆ, 'ನಿನ್ನ ಚೀಲ ತಗೊಂಡು ಹೋಗಮ್ಮ. ಈಗ ನಿನ್ನ ಮುಖ ನೋಡೋಕೆ ನನ್ನ ಕೈಲಾಗಲ್ಲ' ಎಂದಳು. ಟೇಪಮ್ಮ ಎದ್ದು ಹೊರಬಂದೊಡನೆ ಮಗಳು ಕೋಣೆಯ ಬಾಗಿಲು ಹಾಕಿಕೊಂಡಳು. ಟೇಪಮ್ಮ ಬಾಗಿಲ ಈಚೆಗೆ ಉಳಿದಳು.

ಏಳು ವಾರದ ಹಿಂದೆ ತಂದ ಬಟ್ಟೆಗಳು ಒಂದು ಚೀಲಕ್ಕೆ ಹಿಡಿಯುವಷ್ಟೇ ಇದ್ದವು. ಅವಳ ಮನೆ ಊರಿನ ಇನ್ನೊಂದು ತುದಿ, ಎರಡು ಬಸ್ಸು. ಟೂತ್ ಬ್ರಷ್ಷು, ಮಾತ್ರೆ, ಕನ್ನಡಕದ ಡಬ್ಬಿ. ಆ ಕನ್ನಡಕದ ನಂಬರನ್ನು ನೋಡಿ ಕೊಟ್ಟವಳು ಮಗಳೇ. ಕತ್ತಲೆ ಮಾಡಿದ ಸಣ್ಣ ಕೋಣೆಯಲ್ಲಿ, ಬಾಯಲ್ಲಿ ಪುದೀನ ಗುಳಿಗೆ ಇಟ್ಟುಕೊಂಡು, ಅಷ್ಟು ಹತ್ತಿರ ಬಾಗಿ ತನ್ನ ಕಣ್ಣೊಳಗೆ ನೋಡಿದ್ದಳು, ಆಗ ಎಷ್ಟು ನಾಚಿಕೆಯಾಗಿತ್ತು. ಗೋಡೆಯಾಚೆ ಮಗಳು ಫೋನಿನಲ್ಲಿ ಮಾತಾಡುತ್ತಿದ್ದಳು. ನರ್ಸಿನ ದನಿಯೂ ಕೇಳುತ್ತಿತ್ತು. ಫೋನನ್ನು ಹಾಸಿಗೆಯ ಮೇಲಿಟ್ಟಿರಬೇಕು. ಹಾಲು ಬತ್ತಿಲ್ಲಮ್ಮ, ಮಗು ಕೇಳಲಿಲ್ಲ ಅಂತ ಮೈ ಕಡಿಮೆ ಮಾಡ್ಕೊಂಡಿದೆ, ಕೇಳಿದ್ರೆ ಮತ್ತೆ ಬರತ್ತೆ. ಪುಡಿಹಾಲು ಒಂದೇ ಏಟಿಗೆ ನಿಲ್ಲಿಸಬೇಡಿ, ನಾಳೆ ಬಂದು ತೂಕ ನೋಡಿ ಸ್ವಲ್ಪ ಸ್ವಲ್ಪ ಇಳಿಸೋಣ. ಪ್ರತಿಸಲ ಮೊದಲು ಎದೆಗೆ ಹಾಕಿ. ಬಟ್ಟೆ ಬಿಚ್ಚಿ ಮೈಗೆ ಮೈ ತಾಗಿಸಿ ಮಲಗಿಸ್ಕೊಳ್ಳಿ. ಚೀಪೋದೆಲ್ಲ ಕುಡಿಯೋದಲ್ಲ, ಗಂಟಲು ಆಡ್ತಿದೆಯಾ ನೋಡಿ. ಎಷ್ಟು ದಿನ ಬೇಕಾಗತ್ತೆ ಅಂತ ಮಗಳು ಕೇಳಿದಳು. ಅದನ್ನ ಹೇಳೋಕಾಗಲ್ಲಮ್ಮ ಎಂದಿತು ಆ ದನಿ. ಕೆಲವರಿಗೆ ಪೂರ್ತಿ ಬರತ್ತೆ, ಕೆಲವರಿಗೆ ಅರ್ಧ. ಆಮೇಲೆ ಏನೋ ಕೇಳಿತು, ಅದಕ್ಕೆ ಮಗಳು, 'ಇಲ್ಲ, ಮನೇಲಿ ಬೇರೆ ಯಾರೂ ಇಲ್ಲ' ಎಂದಳು. ಟೇಪಮ್ಮ ಚೀಲದ ಜಿಪ್ಪು ಎಳೆದಳು. ಬೇರೆ ಯಾರೂ ಇಲ್ಲ. ಸರಿಯೇ. ಚಪ್ಪಲಿ ಮೆಟ್ಟಿಕೊಂಡು ಚಿಲಕದ ಮೇಲೆ ಕೈಯಿಟ್ಟಾಗ, ಈ ಮಧ್ಯಾಹ್ನದ ಊಟ ಒಲೆಯ ಮೇಲಿದೆ ಎಂದು ಯಾರು ಹೇಳುತ್ತಾರೆ ಎನ್ನಿಸಿ, ಅಷ್ಟಕ್ಕೇ ಅಳು ಉಕ್ಕಿ ಬಂತು. ಬಾಯಿಗೆ ಶಾಲು ತುರುಕಿಕೊಂಡು ಅತ್ತಳು. ಮೂವತ್ತೊಂದು ವರ್ಷದ ಹಿಂದೆ ಅಳಬೇಕಾದದ್ದು ಅದು.

ಒಳಗೆ ಮಗು ಎದ್ದಿತು. ಅಳು ಏರಿತು, ಇಳಿಯಿತು, ಮತ್ತೆ ಏರಿತು. ಬಾಗಿಲು ತೆರೆದ ಸದ್ದು.

'ಹೋಗೋಕೆ ಮುಂಚೆ ಒಂದು ಕೆಲಸ ಮಾಡು' ಎಂದಳು ಮಗಳು ಕೋಣೆಯೊಳಗಿಂದಲೇ. 'ಅವಳ ಗಂಟಲು ನನಗೆ ಕಾಣಲ್ಲ.'

ಟೇಪಮ್ಮ ಚಪ್ಪಲಿ ಬಿಟ್ಟು, ಮುಖ ಒರೆಸಿಕೊಂಡು ಒಳಗೆ ಹೋದಳು. ಮಗಳು ದಿಂಬಿಗೆ ಒರಗಿ ಕೂತಿದ್ದಳು. ಬರಿಮೈಯ ಮಗು ಅವಳ ಬರಿಯೆದೆಯ ಮೇಲಿತ್ತು. ಮಗಳ ಕಣ್ಣು ಕೆಂಪಾಗಿ ಊದಿಕೊಂಡಿತ್ತು. ಅಮ್ಮನ ಕಡೆ ನೋಡಲಿಲ್ಲ. ಟೇಪಮ್ಮ ನೆಲದ ಮೇಲೆ ಮಂಡಿಯೂರಿ ಮುಖವನ್ನು ಹಾಸಿಗೆಯ ಮಟ್ಟಕ್ಕೆ ತಂದಳು. ಮಗುವಿನ ಗದ್ದದ ಕೆಳಗೆ, ಮಡಿಕೆಬಿದ್ದ ಕತ್ತಿನಲ್ಲಿ, ಹೆಬ್ಬೆರಳಿನಷ್ಟಗಲದ ಜಾಗ. ಬೇರೆ ಏನನ್ನೂ ಮುಟ್ಟಬಾರದೆಂದು ಎರಡೂ ಕೈಗಳನ್ನು ತೊಡೆಯ ಕೆಳಗೆ ಇಟ್ಟುಕೊಂಡಳು. ಮಗು ತೊಟ್ಟನ್ನು ಹಿಡಿಯಿತು, ಬಿಟ್ಟಿತು, ಅತ್ತಿತು. ಮಗಳು ಅಲುಗಲಿಲ್ಲ. ಮತ್ತೆ ಹಿಡಿಯಿತು. ಕೆನ್ನೆ ಆಡಿತು, ದವಡೆ ಆಡಿತು, ಚಿಕ್ಕ ಚಿಕ್ಕದಾಗಿ, ಬೇಗ ಬೇಗ. ಗಂಟಲು ಆಡಲಿಲ್ಲ.

'ನುಂಗ್ತಿದ್ದಾಳಾ?'

ಹೂಂ ಎಂಬುದು ಟೇಪಮ್ಮನ ತುಟಿಯ ತುದಿಗೇ ಬಂದು ಕೂತಿತ್ತು. ಹೂಂ ಕಣೇ, ಚೆನ್ನಾಗಿ ಕುಡೀತಿದ್ದಾಳೆ. ಅಷ್ಟು ಹೇಳಿದರೆ ಮಗಳ ಬಿಗಿದ ಭುಜ ಇಳಿಯುತ್ತಿತ್ತು, ಬಹುಶಃ ತನ್ನ ಕಡೆ ಒಮ್ಮೆ ನೋಡುತ್ತಲೂ ಇದ್ದಳು.

'ಇಲ್ಲ' ಎಂದಳು.

ಮಗಳು ಕಣ್ಣು ಮುಚ್ಚಿಕೊಂಡಳು. ಮುಚ್ಚಿದ ರೆಪ್ಪೆಯಡಿಯಿಂದ ನೀರು ಇಳಿದು ಕಿವಿಯ ಕಡೆಗೆ ಹರಿಯಿತು, ಅದನ್ನು ಒರೆಸಿಕೊಳ್ಳಲು ಕೈ ಬಿಡುವಿರಲಿಲ್ಲ. ಕಣ್ಣು ತೆರೆಯದೆಯೇ, 'ನೋಡ್ತಾ ಇರು' ಎಂದಳು.

ಟೇಪಮ್ಮ ನೋಡುತ್ತ ಇದ್ದಳು.